ನಿಂಬೆಹಣ್ಣು ಹತ್ತದ ಕಾರು

ಹಲಸೂರು
22-10-1999

ಮುದ್ದಿನ ಭವ್ಯಾ,

ಕಾಲು ಊದುವುದು ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ? ಬಂಗಾರಪೇಟೆಯಲ್ಲೇ ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡು ರೈಲು ಹತ್ತು. ನಾನು ಚೆನ್ನಾಗಿದ್ದೇನೆ. ನಿನ್ನಪ್ಪನಿಗೂ ಮೈಯಲ್ಲಿ ಏನೂ ಆಗಿಲ್ಲ, ತಲೆ ಮಾತ್ರ ಕೆಟ್ಟಿದೆ.

ನಮ್ಮ ಫಿಯೆಟ್ ಕಾರಿನ ಇಂಜಿನ್ ಕಿತ್ತು ಹಾಕಿದ್ದಾರೆ ಕಣೇ. ಚೆನ್ನಾಗಿ ಓಡುತ್ತಿದ್ದ ಇಂಜಿನ್! ಇನ್ನು ಮೇಲೆ ಕರೆಂಟಿನಲ್ಲಿ ಓಡಿಸುತ್ತಾರಂತೆ. ಮನೆಯ ಫ್ಯೂಸ್ ಹೋದರೆ ಎದುರುಮನೆಯವರನ್ನು ಕೂಗುವ ಮನುಷ್ಯ ಇವರು. ಜೊತೆಗೆ ಶಿವಾಜಿನಗರದ ಮೆಕ್ಯಾನಿಕ್ ಮುಕ್ತಾರ್ ಬೇರೆ. ಇವರು ಹೂಂ ಅಂದರೆ ಅವನೂ ಹೂಂ. ಯಾವುದೋ ಮುಚ್ಚಿದ ಕಾರ್ಖಾನೆಯಲ್ಲಿ ಸಾಮಾನು ಎತ್ತುತ್ತಿದ್ದ ಗಾಡಿಯ ಮೋಟಾರು ತಂದು ಕೂರಿಸಿದರು. ಹಿಂದಿನ ಸೀಟಿನ ಜಾಗದಲ್ಲಿ ಎಂಟು ಲಾರಿ ಬ್ಯಾಟರಿ. ನಾನೆಲ್ಲಿ ಕೂರಬೇಕು ಎಂದರೆ, "ನೀನ್ಯಾಕೆ ಕೂರ್ಬೇಕು?" ಅಂದರು ಮಹಾರಾಯರು. ಇದನ್ನು ಚಾರ್ಜಿಗೆ ಹಾಕಿದರೆ ಫ್ರಿಜ್ ಆರಿಸಬೇಕು. ಮೂರು ತಿಂಗಳಿಂದ ನನ್ನ ಮನೆಯಲ್ಲಿ ಹಾಲು ಒಡೆಯುವುದೇ ಕೆಲಸ.

ಆಯುಧಪೂಜೆಯ ದಿನ ಇದ್ದ ಮಾನವೂ ಹೋಯಿತು. ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರದಡಿಯೂ ನಿಂಬೆಹಣ್ಣಿಟ್ಟರು. ಬೀದಿಯವರೆಲ್ಲ ನಿಂತಿದ್ದರು. ಸ್ವಿಚ್ ಹಾಕಿದರೆ ಕಾರು ಗುಂಯ್ ಅಂದಿತೇ ಹೊರತು ನಿಂಬೆಹಣ್ಣು ಹತ್ತಲಿಲ್ಲ. "ಇನ್ನೂ ಸಣ್ಣ ನಿಂಬೆಹಣ್ಣು ತರ್ಲಾ?" ಎಂದು ಎದುರುಮನೆ ಗಂಗಲಕ್ಷ್ಮಮ್ಮ ಕೇಳಿದಾಗ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೊನೆಗೆ ಮುಕ್ತಾರ್ ಹಿಂದಿನಿಂದ ತಳ್ಳಿದ. ನಿನ್ನಪ್ಪ ತಾವೇ ಓಡಿಸಿದವರಂತೆ ಮೀಸೆ ತಿರುವಿದರು.

ಮುಂದಿನ ಗುರುವಾರ ನಿನ್ನನ್ನು ಹೆರಿಗೆಗೆ ಕರೆತರಲು ಕಂಟೋನ್ಮೆಂಟ್ ಸ್ಟೇಷನ್ನಿಗೆ ಈ ಡಬ್ಬವನ್ನೇ ತರುತ್ತಾರಂತೆ. ಏಳು ತಿಂಗಳ ಬಸುರಿ ನೀನು. ನಡುರಸ್ತೆಯಲ್ಲಿ ನಿಂತುಹೋದರೆ ಏನು ಗತಿ? ಎಷ್ಟು ಕರೆದರೂ ಹತ್ತಬೇಡ, ನನ್ನ ಜೊತೆ ಆಟೋದಲ್ಲಿ ಬಾ.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನೂ ಹೊಟ್ಟೆಯೊಳಗಿನ ಕೂಸನ್ನೂ ನಮ್ಮ ಸೋಮೇಶ್ವರ ಕಾಯಲಿ.

ನಿನ್ನ ಅಮ್ಮ

ಮರೆಯುವ ಮುಂಚೆ: ಇದನ್ನು ಅಂಟಿಸುವಷ್ಟರಲ್ಲಿ ಮುಕ್ತಾರ್ ಬಂದಿದ್ದ. ಮೂರನೆಯ ತಿಂಗಳಲ್ಲಿ ನೀನು ಬಂದಾಗ, ಕಾರಿನ ಪೆಟ್ರೋಲ್ ವಾಸನೆಗೆ ಮನೆ ಸೇರುವಷ್ಟರಲ್ಲಿ ಮೂರು ಸಲ ವಾಂತಿ ಮಾಡಿಕೊಂಡೆಯಲ್ಲ? ಮಾರನೆಯ ದಿನವೇ ನಿನ್ನಪ್ಪ ಅವನ ಗ್ಯಾರೇಜಿಗೆ ಹೋಗಿ "ನನ್ ಮಗಳಿಗೆ ವಾಸನೆ ಬರ್ಬಾರ್ದು, ಏನಾದ್ರೂ ಮಾಡು" ಅಂದರಂತೆ. ನನಗೆ ಒಂದು ಮಾತು ಹೇಳಿಲ್ಲ. ನಾಲ್ಕು ತಿಂಗಳು ತುಂಬಿದರೆ ವಾಂತಿ ತಾನಾಗಿ ನಿಲ್ಲುತ್ತದೆಂದು ಗೊತ್ತಿಲ್ಲದ ದಡ್ಡ ಮನುಷ್ಯ. ನಿನಗೆ ನಿಂತಿದೆ ಎಂದು ಅವರೆದುರು ಬಾಯಿ ಬಿಡಬೇಡ. ಸುಮ್ಮನೆ ಮುಂದಿನ ಸೀಟಿನಲ್ಲಿ ಕೂರು. ನಾನು ಆಟೋದಲ್ಲಿ ಹಿಂದೆಯೇ ಬರುತ್ತೇನೆ. ಕಾರು ನಿಂತರೆ ಇಳಿದು ತಳ್ಳುತ್ತೇನೆ.