ಹಳೇ ಕ್ಯಾಲೆಂಡರಿನ ಸಾರ್

ಡಿಸೆಂಬರ್ 3, ಬುಧವಾರ. ಮಧ್ಯಾಹ್ನ

ಮತ್ತೆ ಕ್ಲಾಸು. ಇವರು ಮುಖ ತೊಳೆದು, ಒಗೆದ ಅಂಗಿ ಹಾಕಿ ಫೋನಿನ ಮುಂದೆ ಕೂತರು. ಹತ್ತಿ ಬೆಳೆಯುವುದನ್ನು ಆನ್‌ಲೈನಲ್ಲಿ ಕಲಿಯಬೇಕಂತೆ! ಹೆಂಡತಿ ಕರೆದರೆ ಕೇಳಿಸದು. ಫೋನಿನೊಳಗಿನ ಸಾರ್ ತೆಲುಗಿನಲ್ಲಿ "ಅರ್ಥಮೈಂದಾ?", ತಿಳೀತಾ, ಅಂದರೆ "ಆತ್ರಿ ಸಾರ್" ಅಂತ ತಲೆ ಆಡಿಸುತ್ತಾರೆ.

ಸಾರ್ ಹೇಳಿದ್ದು — ಕಾಯಿಯನ್ನು ಒಳಗಿಂದ ತಿನ್ನುವ ಗುಲಾಬಿ ಹುಳ ಬರುತ್ತದೆ, ಅರಳಿದ ಹತ್ತಿ ಬಿಡಿಸಿಕೊಂಡು ಈ ತಿಂಗಳೇ ಗಿಡ ಕಿತ್ತುಬಿಡಿ. ಗಿಡದ ತುಂಬ ಕಾಯಿ ಇರುವಾಗ? ಈತ ಯಾರ ಕಡೆಯವನೋ... ನನಗಂತೂ ಅನುಮಾನ.

ಡಿಸೆಂಬರ್ 10

ಸಾರ್ ಸಿಕ್ಕಿಬಿದ್ದ! ಕ್ಲಾಸು ಲೈವ್ ಅಂತೆ. "ಇವತ್ತು ನಿಮ್ಮ ಆದೋನಿ ಕಡೆ ಮೋಡ" ಅಂದ. ಹೊರಗೆ ಬಂದು ನೋಡಿದರೆ ಕಣ್ಣು ಬಿಡಲಾಗದ ಬಿಸಿಲು. ಸ್ಕ್ರೀನ್‌ಶಾಟ್ ತೆಗೆದು ದೊಡ್ಡದು ಮಾಡಿದೆ. ಆತನ ಬೆನ್ನ ಹಿಂದೆ ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು.

"ನೋಡ್ರಿ. ಹೋದ ವರ್ಷದ ವಿಡಿಯೋಕ್ಕ ಹೂಂಗುಟ್ಟಾಕತ್ತೀರಿ."

ಇವರ ಮುಖ ಇಷ್ಟು ಸಣ್ಣದಾಯಿತು. "ಹಂಗಾದ್ರ ಗಿಡ ಕೀಳೂದು ಬ್ಯಾಡ ಬಿಡು," ಅಂದರು. ಗೆದ್ದೆ. ಪಾಪ ಅನ್ನಿಸಿತು... ಸ್ವಲ್ಪ.

ಡಿಸೆಂಬರ್ 11

ಪಕ್ಕದ ಹೊಲದ ಲಿಂಗಕ್ಕ ಇವರ ಮಾತು ಕೇಳಿ ಗಿಡ ಕೀಳಲು ಆಳು ಕರೆಸಿದ್ದಳು. ಓಡಿಹೋಗಿ ತಡೆದೆ.

"ಎಲ್ಲಾ ಮೋಸ, ಲಿಂಗಕ್ಕ. ಇನ್ನೂ ಎರಡು ಸಲ ಹತ್ತಿ ಬಿಡಿಸಬಹುದು."

"ನೀ ಓದಿದಾಕಿ. ನೀ ಅಂದ ಮ್ಯಾಲೆ ಮುಗೀತು," ಅಂದು ಆಳುಗಳನ್ನು ಅವರ ಊರು ಪೆದ್ದಹರಿವಾಣಕ್ಕೆ ವಾಪಸ್ ಕಳಿಸಿದಳು. ಆಕೆಗೆ ಇರುವುದೇ ಅದೊಂದು ಎಕರೆ.

ಡಿಸೆಂಬರ್ 30, ಮಂಗಳವಾರ

ಕಾಯಿ ಅರಳುತ್ತಿಲ್ಲ. ಒಂದನ್ನು ಉಗುರಿನಿಂದ ಸೀಳಿದೆ. ಗುಲಾಬಿ ಹುಳ. ಇನ್ನೊಂದು — ಅದರಲ್ಲೂ. ವಿಡಿಯೋ ಹಳೆಯದೇ, ಮಾತು ಮಾತ್ರ ಸುಳ್ಳಲ್ಲ. ನಾಚಿಕೆಯಿಂದ ಸಾಯುವ ಹಾಗಾಯಿತು.

ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹುಳದ ಸುದ್ದಿ ಲಿಂಗಕ್ಕಗ ಹೇಳಿದೇನು?" ಅಂದರು, ಅಷ್ಟೇ.

ಅಷ್ಟರಲ್ಲಿ ಆಕೆಯೇ ಬದುವಿನ ಮೇಲೆ ಬಂದಳು, ಉಡಿ ತುಂಬ ಹಸಿ ತೊಗರಿಕಾಯಿ.

"ತಗೋ ಮಲ್ಲೇಶ್ವರಿ, ನಿನಗಂತ ತಂದೀನಿ. ನೀ ತಡೆದಿದ್ದಕ್ಕ ನನ್ನ ಗಿಡ ಉಳದಾವ."

ಬಲಗೈಯಲ್ಲಿ ಸೀಳಿದ ಕಾಯಿ ಇತ್ತು. ಮುಷ್ಟಿ ಬಿಗಿಹಿಡಿದು ಬೆನ್ನ ಹಿಂದೆ ಇಟ್ಟೆ. ಎಡಗೈಯಿಂದ ಸೆರಗು ಒಡ್ಡಿದೆ. ಆಕೆ ಸುರಿದಳು.

ತೊಗರಿಕಾಯಿ ಒಲೆಯ ಮೇಲೆ ಬೇಯುತ್ತಿವೆ. ಆ ಸೀಳಿದ ಕಾಯಿ ಹಿಡಿದು ಆಕೆಯ ಮನೆಗೆ ಹೋಗಬೇಕು, ಈಗಲೇ. ಹೋಗಿ, ಲಿಂಗಕ್ಕ, ಅಂತ ಕರೆದು...