ಹಿಮ್ಮಡಿಯ ಕೆಂಪು

ಮೇ ೧೨, ಸೋಮವಾರ

ನಮ್ಮವರು ಇವತ್ತು ಮತ್ತೆ ಎಚ್ಚರ ತಪ್ಪಿ ಬಿದ್ದರು. ರಕ್ತದೊತ್ತಡ ಒಮ್ಮೆಲೇ ಇಳಿಯುತ್ತದೆ, ಯಾಕೆಂದು ಡಾಕ್ಟರಿಗೂ ಹೇಳಲು ಬರುವುದಿಲ್ಲ.

ತಂಬೂರು ಹಳ್ಳಿಯ ಒಂದು ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯವಿತ್ತು. ಇವರು ಬಣ್ಣ ಹಾಕಿದ ತೊಟ್ಟಿಲು ಒಯ್ದಿದ್ದೆವು. ಅದರ ಅಂಚಿಗೆ ಬರೆದ ಗಿಳಿಯ ಕೊಕ್ಕನ್ನು ಅಲ್ಲಿಯೇ ಕೊನೆಯದಾಗಿ ತಿದ್ದಿ, ಜಂತಿಗೆ ಸರಪಳಿ ಸಿಕ್ಕಿಸುತ್ತ, "ರೋಹಿಣಿ, ಆ ಗಿಳಿ..." ಎಂದವರು ಬೆಳ್ಳಗಾಗಿ ಕುಸಿದರು. ಜನ ಎತ್ತಿ ಕೂರಿಸಿ ಮೂಗಿಗೆ ಉಳ್ಳಾಗಡ್ಡಿ ಹಿಡಿದರು.

"ಕುಂದ್ರಸಬ್ಯಾಡ್ರಿ, ಮಲಗಸ್ರಿ. ಕಾಲು ಮ್ಯಾಲ ಮಾಡ್ರಿ," ಎಂದು ಚೀರಿದೆ.

ಕಾಲಿಡಲು ಹತ್ತಿರವಿದ್ದದ್ದು ನೆಲದ ಮೇಲಿನ ತೊಟ್ಟಿಲೊಂದೇ. ಕೂಸಿಗೆ ಕೇಡು ತಟ್ಟದಿರಲೆಂದು ಮೊದಲು ಅದರಲ್ಲಿ ಗುಂಡಕಲ್ಲು ಮಲಗಿಸಿ ತೂಗುವುದು ರೂಢಿ. ಅಂಥ ತೊಟ್ಟಿಲಿಗೆ ಕಾಲು ತಾಗಿಸುವುದೇ? ಎಲ್ಲರೂ ಹಿಂಜರಿದರು. ಕೂಸಿನ ಮುತ್ತಜ್ಜಿ ಮೈಲಾರವ್ವ ತಾನೇ ಇವರ ಕಾಲೆತ್ತಿ ತೊಟ್ಟಿಲ ಅಂಚಿನ ಮೇಲಿಟ್ಟಳು.

"ಮಾಡಿದಾಂವನ ಕಾಲಿಗೆ ಎಂಥಾ ಮೈಲಿಗಿ."

ನೋಡನೋಡುತ್ತ ಇವರ ತುಟಿಗೆ ರಕ್ತ ಏರಿತು. ಕಣ್ಣು ಬಿಟ್ಟು, "...ಒಣಗಿಲ್ಲ, ಮುಟ್ಟಬ್ಯಾಡ," ಎಂದರು. ಎಲ್ಲಿಗೆ ಹೋಗಿ, ಹೇಗೆ ಮಾತಿನ ಎಳೆ ಕಳೆಯದೆ ಬರುತ್ತಾರೆ ಇವರು?

ಆಮೇಲೆ ಗುಂಡಕಲ್ಲು ತಂದರೆ ಮೈಲಾರವ್ವ ಬೇಡವೆಂದಳು. "ತೊಟ್ಟಿಲಾಗ ಒಂದ ಜೀವ ತಿರುಗಿ ಬಂದೈತಿ. ಇನ್ನ ಕಲ್ಲು ಯಾಕ? ಕೂಸಿನ್ನ ತರ್ರಿ."

ಈಗ ಮಲಗಿದ್ದಾರೆ. ಹಿಮ್ಮಡಿಗೆ ಗಿಳಿಯ ಕೊಕ್ಕಿನ ಕೆಂಪು ಅಂಟಿದೆ. ಒರೆಸಲೆಂದು ಬಟ್ಟೆ ಒದ್ದೆ ಮಾಡಿಕೊಂಡು ಬಂದವಳು ಹಾಗೇ ನೋಡುತ್ತ ಕೂತಿದ್ದೇನೆ.