ಆ ಹೆಂಗಸು ರೈಲು ಹತ್ತಿದಳೇ?

ತೋಲ್ಪೆಟ್ಟಿ
೧೩-೧-೧೯೮೨

ಪನಮರಂನ ಪುಟ್ಟಮಾದಯ್ಯ ಮಾಸ್ಟರರಿಗೆ ನಮಸ್ಕಾರ.

ಭಾನುವಾರ ಮಾನಂದವಾಡಿಯಲ್ಲಿ ನೀವು ತೋರಿಸಿದ ಹಳೆಯ ಹಾಲಿವುಡ್ ಸಿನಿಮಾಗಳನ್ನು ಅತ್ತೆಯೂ ನಾನೂ ನೋಡಿದೆವು. ಮೊದಲನೆಯದರಲ್ಲಿ ಹಿಟ್ಟಿನ ಪೀಪಾಯಿಗೆ ಬಿದ್ದವನನ್ನು ಕಂಡು, ನಮ್ಮ ಯಜಮಾನರು ತೀರಿಕೊಂಡ ಮೇಲೆ ನಗುವುದನ್ನೇ ಬಿಟ್ಟಿದ್ದ ಅತ್ತೆ ಬಿದ್ದು ಬಿದ್ದು ನಕ್ಕರು. ಎರಡನೆಯದು ಅಳುವ ಸಿನಿಮಾ. ಮುಗಿಯುವ ಮುಂಚೆಯೇ ಬಸ್ಸಿಗೆಂದು ಎದ್ದುಬಂದೆವು. ಅತ್ತೆಯನ್ನು ಬಿಟ್ಟು ಮರುಮದುವೆಗೆ ಹೊರಟ ಆ ವಿಧವೆ ಕೊನೆಗೆ ರೈಲು ಹತ್ತಿದಳೇ? ದಯವಿಟ್ಟು ಬರೆಯಿರಿ, ಅತ್ತೆ ದಿನಾ ಕೇಳುತ್ತಾರೆ.

ನಿನ್ನೆ ಕಾಳುಮೆಣಸು ಹರವುತ್ತಾ, "ಹತ್ತದೆ ಇದ್ರೆ ಅವಳೊಬ್ಬಳು ಪೆದ್ದಿ ಕಣವ್ವ" ಎಂದರು.

"ಅತ್ತೇನ ಒಂಟಿಯಾಗಿ ಬುಟ್ಟು ಹೋಗಾದಾ?" ಎಂದೆ.

"ಆ ಅತ್ತೆಗೇನು ಕೈಕಾಲಿಲ್ವಾ? ನಿನ್ನ ಮದ್ವೆ ಆಯ್ತೀನಿ ಅಂತ ಆ ಸಿನಿಮಾ ತೋರ್ಸಿದ ಮಾಷ್ ಕೇಳಿ ಮೂರು ತಿಂಗಳಾಯ್ತು. ಹೂಂ ಅಂತ ಬರೆದುಬುಡು."

ಅವರಿಗೆ ಹೇಗೆ ಗೊತ್ತಾಯಿತೋ, ನಾನಂತೂ ಹೇಳಿರಲಿಲ್ಲ. ಬರುವ ಭಾನುವಾರ ಊಟಕ್ಕೆ ಬನ್ನಿ. ಅತ್ತೆ ಆಗಲೇ ಕೋಳಿ ಗೊತ್ತು ಮಾಡಿದ್ದಾರೆ.

ಇಂತಿ,
ರಾಜಮ್ಮಣ್ಣಿ